ಸ್ಲೈಡ್‌ಗೆ ಮುಂಚೆ ಪರೀಕ್ಷೆ: ತರಬೇತಿ ಕೊಡುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸ್ವಸಹಾಯ ಸಂಘಗಳ 25 ಪುಸ್ತಕ ಬರಹಗಾರರಿಗೆ (ಸಂಘದ ಲೆಕ್ಕ ಬರೆಯುವವರಿಗೆ) ಎರಡು ದಿನದ ತರಬೇತಿ ಕೊಡಬೇಕಿದೆ. ‘ಆ್ಯಡಿ ಮಾದರಿಯಲ್ಲಿ ಮಾಡಿ’ ಎಂದು ಮೇಲಿನವರು ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ವಿಶ್ಲೇಷಣೆ, ವಿನ್ಯಾಸ, ತಯಾರಿ, ಅನುಷ್ಠಾನ, ಮೌಲ್ಯಮಾಪನ. ತರಬೇತಿ ರೂಪಿಸುವ ಈ ಐದು ಹಂತಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿದರೆ ಆ್ಯಡಿ. 1975ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೇನೆಗಾಗಿ ರೂಪಿಸಿದ ಪದ್ಧತಿಯಿಂದ ಇದು ಬೆಳೆದು ಬಂತು. ಹೆಚ್ಚಿನವರು ಎಡವುವುದು ಒಂದೇ ಕಡೆ: ಮೊದಲೆರಡು ಹಂತ ಬಿಟ್ಟು ನೇರವಾಗಿ ಮೂರನೆಯದಕ್ಕೆ, ಅಂದರೆ ಪಿಪಿಟಿ ಮಾಡುವುದಕ್ಕೆ ಕೂತುಬಿಡುತ್ತಾರೆ.

ನೀವು ಮೊದಲು ಏಳೆಂಟು ಸಂಘಗಳ ಪುಸ್ತಕ ತರಿಸಿ ನೋಡಿ. ಯಾವ ಕಲಮಿನಲ್ಲಿ ತಪ್ಪು ಮರುಕಳಿಸುತ್ತದೆ ಎಂದು ಗುರುತು ಹಾಕಿ. ಸಾಮಾನ್ಯವಾಗಿ ಕಾಣುವ ತಪ್ಪೊಂದನ್ನು ಹೇಳುತ್ತೇವೆ. ಸದಸ್ಯೆಯೊಬ್ಬರ ಸಾಲ ₹8,000 ಬಾಕಿ, ಬಡ್ಡಿ ತಿಂಗಳಿಗೆ ಶೇ 1. ಅವರು ₹1,080 ಕಟ್ಟುತ್ತಾರೆ. ಅದರಲ್ಲಿ ಅಸಲು 1,000, ಬಡ್ಡಿ 80. ಬರಹಗಾರರು ಎರಡನ್ನೂ ಕೂಡಿಸಿ ‘ಕಂತು’ ಎಂದು ಒಂದೇ ಕಲಮಿಗೆ ಹಾಕಿದರೆ ಬಾಕಿ 7,000 ಆಗುವ ಬದಲು 6,920 ಆಗುತ್ತದೆ. ಸಂಘಕ್ಕೆ ಅಲ್ಲೇ ₹80 ಖೋತಾ, ಮುಂದಿನ ತಿಂಗಳ ಬಡ್ಡಿಯೂ ತಪ್ಪು. ನಗದು ಮಾತ್ರ ಸರಿಯಾಗಿ ತಾಳೆಯಾಗುವುದರಿಂದ ವರ್ಷಗಟ್ಟಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ತರಬೇತಿ ನಿಲ್ಲಬೇಕಾದದ್ದು ಇಂಥ ತಪ್ಪುಗಳ ಮೇಲೆ, ಸ್ವಸಹಾಯ ಸಂಘಗಳ ಇತಿಹಾಸದ ಮೇಲಲ್ಲ.

ಆಮೇಲೆ ಗುರಿ ಬರೆಯಿರಿ. ‘ಲೆಕ್ಕಪತ್ರದ ಬಗ್ಗೆ ಅರಿವು ಮೂಡಿಸುವುದು’ ಎಂದು ಬರೆದರೆ ಅದನ್ನು ಅಳೆಯಲು ದಾರಿಯೇ ಇಲ್ಲ. ಏನು ಮಾಡಬೇಕು, ಏನು ಕೊಟ್ಟಾಗ, ಎಷ್ಟು ಸರಿಯಾಗಿ – ಈ ಮೂರೂ ಅದರಲ್ಲಿರಬೇಕು. ಉದಾಹರಣೆಗೆ: ‘ನಡಾವಳಿ, ರಸೀದಿ ಮತ್ತು ಕ್ಯಾಲ್ಕುಲೇಟರ್ ಕೊಟ್ಟರೆ 30 ನಿಮಿಷದಲ್ಲಿ ಒಂದು ಸಭೆಯ ನಗದು ಪುಸ್ತಕ ಮತ್ತು ಸಾಲದ ಲೆಡ್ಜರ್ ಬರೆದು, ಅಂತಿಮ ಶಿಲ್ಕನ್ನು ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗದಂತೆ ತಾಳೆ ಮಾಡುವುದು.’ ಹೀಗೆ ಬರೆದ ಕೂಡಲೇ ಪರೀಕ್ಷೆಯೂ ಸಿದ್ಧವಾಯಿತು. ಒಂದು ಕಾಲ್ಪನಿಕ ಸಭೆ ಕೊಡಿ: ಆರಂಭ ಶಿಲ್ಕು ₹1,450, 12 ಸದಸ್ಯರ ಉಳಿತಾಯ ತಲಾ ₹50, ಮೇಲಿನ ಮರುಪಾವತಿ ₹1,080, ಹೊಸ ಸಾಲ ₹2,000, ಲೇಖನ ಸಾಮಗ್ರಿಗೆ ₹30. ಅಂತಿಮ ಶಿಲ್ಕು 1,100 ಬರಬೇಕು, ಆ ಸದಸ್ಯೆಯ ಬಾಕಿ 7,000 ಇರಬೇಕು.

ಕಲಿಸುವಾಗ ಮೊದಲ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ, ಎರಡನೆಯದರಲ್ಲಿ ಮೂರು ನಾಲ್ಕು ಕಲಮು ಖಾಲಿ ಬಿಡಿ, ಮೂರನೆಯದನ್ನು ಪೂರಾ ಅವರಿಗೇ ಬಿಡಿ. ಹೊಸಬರಿಗೆ ಮೊದಲೇ ಖಾಲಿ ಪುಟ ಕೊಟ್ಟರೆ ಯಾವ ಮೊತ್ತ ಎಲ್ಲಿಗೆ ಎಂದು ಹುಡುಕುವುದರಲ್ಲೇ ಗಮನವೆಲ್ಲ ಹೋಗುತ್ತದೆ, ಕ್ರಮ ತಲೆಗೆ ಹತ್ತುವುದಿಲ್ಲ. ಇಬ್ಬಿಬ್ಬರನ್ನು ಕೂರಿಸಿ. 25 ಜನರ ಬರಹ ತಿದ್ದಲು ಒಬ್ಬರಿಂದ ಆಗದು, ಇನ್ನೊಬ್ಬ ಸಂಪನ್ಮೂಲ ವ್ಯಕ್ತಿ ಬೇಕೇ ಬೇಕು. ಎರಡು ದಿನವನ್ನು ಒಟ್ಟಿಗೆ ಇಡದೆ ನಡುವೆ ಒಂದು ವಾರ ಬಿಡಲು ಒಪ್ಪಿಗೆ ಪಡೆಯಿರಿ. ಎರಡನೇ ದಿನ ಅವರವರ ಸಂಘದ ಪುಸ್ತಕವನ್ನೇ ತಂದರೆ ನಿಜವಾದ ಸಂಶಯಗಳು ಆಗ ಹೊರಬರುತ್ತವೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಹೊಸ ಟೈಲರ್‌ಗಳಿಗೆ ಎಷ್ಟು ತೋರಿಸಿಕೊಟ್ಟರೂ ಸೂಜಿ ಮುರಿಯುತ್ತಾರೆ, ಹೊಲಿಗೆ ಬಿಟ್ಟುಹೋಗುತ್ತದೆ.
– ಓದುಗರು, ರಾಮನಗರ

ಉತ್ತರ: ನಿಮಗೆ ದೊಡ್ಡ ಮಾದರಿ ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಾಂತರ ಹೊಸಬರು ಬಂದಾಗ ಅವರಿಗೆ ಕೆಲಸ ಕಲಿಸಲು ಮಾಡಿದ ನಾಲ್ಕು ಹೆಜ್ಜೆಗಳು ಇಂದಿಗೂ ಶಾಪ್ ಫ್ಲೋರಿಗೆ ಹೇಳಿ ಮಾಡಿಸಿದಂತಿವೆ: ಕಲಿಯುವವರನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವರಿಂದ ಮಾಡಿಸು, ಆಮೇಲೆ ಹೋಗಿ ನೋಡುತ್ತಿರು. ಅದಕ್ಕೂ ಮುಂಚೆ ಒಂದು ಹಾಳೆಯಲ್ಲಿ ಮೂರು ಕಲಮು ಎಳೆಯಿರಿ – ಹೆಜ್ಜೆ, ಎಚ್ಚರ, ಕಾರಣ.

ಒಂಟಿ ಸೂಜಿಯ ಲಾಕ್‌ಸ್ಟಿಚ್ ಮೆಷಿನ್‌ಗೆ ಸೂಜಿ ಹಾಕುವುದನ್ನೇ ತೆಗೆದುಕೊಳ್ಳಿ. ಮೋಟಾರ್ ಆಫ್ ಮಾಡಬೇಕು, ಯಾಕೆಂದರೆ ಕಾಲು ಪೆಡಲ್‌ಗೆ ತಾಗಿದರೆ ಬೆರಳಿಗೆ ಸೂಜಿ ಇಳಿಯುತ್ತದೆ. ಚಕ್ರ ತಿರುಗಿಸಿ ನೀಡಲ್ ಬಾರನ್ನು (ಸೂಜಿ ಹಿಡಿದಿರುವ ಸರಳನ್ನು) ಪೂರ್ತಿ ಮೇಲಕ್ಕೆ ತಂದು ಸ್ಕ್ರೂ ಸಡಿಲಿಸಬೇಕು. ಹೊಸ ಸೂಜಿಯನ್ನು ತೂತಿನ ಮೇಲ್ತುದಿ ಮುಟ್ಟುವವರೆಗೆ ಮೇಲಕ್ಕೆ ಒತ್ತಬೇಕು. ಸ್ವಲ್ಪ ಕೆಳಗಿದ್ದರೂ ಮೆಷಿನ್ ಕೆಳಗಿನ ಹುಕ್‌ಗೆ ದಾರದ ಕುಣಿಕೆ ಸಿಗದೆ ಹೊಲಿಗೆ ಬಿಟ್ಟುಹೋಗುತ್ತದೆ. ಸೂಜಿಯ ಮೇಲಿನ ಉದ್ದ ಗೀರು ನೇರ ಎಡಕ್ಕೆ, ಇನ್ನೊಂದು ಬದಿಯ ತಗ್ಗು ಬಲಕ್ಕೆ ಹುಕ್ ಕಡೆಗಿರಬೇಕು. ನಿಮ್ಮ ಹಳಬರು ಬಾಯಿಬಿಟ್ಟು ಹೇಳದಿರುವುದು ಬಹುಶಃ ಇದನ್ನೇ. ಕೈ ತಾನಾಗಿ ಮಾಡುವುದರಿಂದ ಅವರಿಗೆ ಅದು ಒಂದು ಹೆಜ್ಜೆ ಅಂತಲೇ ಅನಿಸುವುದಿಲ್ಲ.

ಕಲಿಯುವವರನ್ನು ಎದುರು ನಿಲ್ಲಿಸಬೇಡಿ, ಎಡಬಲ ಅದಲುಬದಲಾಗುತ್ತದೆ. ಪಕ್ಕದಲ್ಲಿ ಕೂರಿಸಿ. ಅವರು ಮಾಡುವಾಗ ಮೊದಲ ಸಲ ತಪ್ಪಾದ ತಕ್ಷಣ ತಿದ್ದಿ. ಎರಡನೇ ಸಲ ಹೆಜ್ಜೆ, ಎಚ್ಚರ, ಕಾರಣ ಮೂರನ್ನೂ ಅವರ ಬಾಯಲ್ಲೇ ಹೇಳಿಸಿ. ‘ಗೊತ್ತಾಯ್ತಾ?’ ಎಂದು ಕೇಳಿದರೆ ಎಲ್ಲರೂ ‘ಹ್ಞೂಂ ಸಾರ್’ ಅನ್ನುತ್ತಾರೆ, ಆ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಪ್ರಶ್ನೆ: ತರಬೇತಿಯ ಕೊನೆಗೆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಎಲ್ಲರೂ ‘ಅತ್ಯುತ್ತಮ’ ಎಂದೇ ಬರೆಯುತ್ತಾರೆ. ಕೆಲಸದಲ್ಲಿ ಮಾತ್ರ ಬದಲಾವಣೆ ಇಲ್ಲ.
– ಓದುಗರು, ಮೈಸೂರು

ಉತ್ತರ: ಆ ಫಾರ್ಮ್ ಹೇಳುವುದು ಊಟ, ಮಾತು, ಕೋಣೆ ಹಿಡಿಸಿತೇ ಎಂಬುದನ್ನಷ್ಟೇ. 1959ರಲ್ಲಿ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಮುಂದಿಟ್ಟ ಮೌಲ್ಯಮಾಪನದ ನಾಲ್ಕು ಮೆಟ್ಟಿಲುಗಳಲ್ಲಿ ಅದು ಮೊದಲನೆಯದು. ಉಳಿದವು ಕಲಿಕೆ, ಕೆಲಸದಲ್ಲಿ ನಡೆ, ಫಲಿತಾಂಶ. ಶುರುವಿನಲ್ಲೂ ಕೊನೆಯಲ್ಲೂ ಒಂದೇ ಬಗೆಯ ಕೆಲಸ ಮಾಡಿಸಿ, 30 ದಿನ ಬಿಟ್ಟು ಅವರ ಜಾಗಕ್ಕೇ ಹೋಗಿ ನೋಡಿ. ಪರೀಕ್ಷೆಯಲ್ಲಿ ಸರಿ ಮಾಡಿದವರು ಕೆಲಸದಲ್ಲಿ ಮಾಡುತ್ತಿಲ್ಲವೆಂದರೆ ಕೊರತೆ ಕಲಿಕೆಯಲ್ಲಿಲ್ಲ. ರಿಜಿಸ್ಟರ್ ಸರಬರಾಜಾಗಿಲ್ಲವೇ, ಸಮಯ ಸಾಲದೇ, ಮೇಲಿನವರು ಹಳೇ ಪದ್ಧತಿಯನ್ನೇ ಕೇಳುತ್ತಾರೆಯೇ ಎಂದು ವಿಚಾರಿಸಿ. ಅಲ್ಲಿ ಇನ್ನೊಂದು ತರಬೇತಿ ಇಟ್ಟರೆ ಹಣ, ಸಮಯ ಎರಡೂ ದಂಡ.

ಪ್ರಶ್ನೆ: ಖರ್ಚಿಲ್ಲದೆ ಸಿಗುವ ಸಾಧನಗಳು ಯಾವುವು?
– ಓದುಗರು, ಕಲಬುರಗಿ

ಉತ್ತರ: ಶಾಲಾ ವಿಷಯಗಳಿಗೆ 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ದೀಕ್ಷಾ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಕನ್ನಡ ಸಾಮಗ್ರಿ ಇದೆ. ಆನ್‌ಲೈನ್ ಕೋರ್ಸ್ ನಡೆಸಲು ಮೂಡಲ್, ಪ್ರಶ್ನೆಗಳಿರುವ ವಿಡಿಯೊ ಮಾಡಲು ಎಚ್‌5ಪಿ – ಎರಡೂ ಮುಕ್ತ ತಂತ್ರಾಂಶ. ಬೇರೆಯವರ ಚಿತ್ರ, ವಿಡಿಯೊ ಬಳಸುವ ಮುನ್ನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಷರತ್ತಿನ ಮೇಲೆ ಬಳಸಲು ಕೃತಿಕಾರರು ಕೊಡುವ ಅನುಮತಿ) ಷರತ್ತು ಓದಿ. ಕೆಲವದರಲ್ಲಿ ವಾಣಿಜ್ಯ ಬಳಕೆಗೆ, ಕೆಲವದರಲ್ಲಿ ಬದಲಾವಣೆಗೆ ಅನುಮತಿ ಇರುವುದಿಲ್ಲ. ನೆಟ್‌ವರ್ಕ್ ದುರ್ಬಲವಿದ್ದ ಕಡೆ ಲ್ಯಾಮಿನೇಟ್ ಮಾಡಿದ ಒಂದು ಪುಟದ ಹೆಜ್ಜೆಪಟ್ಟಿಯನ್ನು ಕೆಲಸದ ಜಾಗದಲ್ಲೇ ತೂಗುಹಾಕಿ.