ಇನ್ನೊಂದೈವತ್ತು ಅಡಿ

(ಹೆಸರು, ಊರು, ಕೆಲಸ, ಹಣದ ಮೊತ್ತ ಎಲ್ಲವನ್ನೂ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ ಮೇಲೆ ಇದನ್ನು ಪ್ರಕಟಿಸುತ್ತಿದ್ದೇನೆ.)

ಮೊದಲು ಕರೆ ಮಾಡಿದವರು ಸುಧಾ. ತವರು ಹಾಸನದ ಕಡೆ, ಸಂಸಾರ ಹನ್ನೊಂದು ವರ್ಷದಿಂದ ಲಂಡನ್ನಿನ ಪಶ್ಚಿಮಕ್ಕಿರುವ ಒಂದು ಪಟ್ಟಣದಲ್ಲಿ. ನಾನು ಆಪ್ತಸಮಾಲೋಚಕಿ, ಮೈಸೂರಿನಲ್ಲಿದ್ದುಕೊಂಡೇ ಹೊರದೇಶದ ಕನ್ನಡದವರ ಜೊತೆ ಆನ್‌ಲೈನ್‌ನಲ್ಲಿ ಮಾತಾಡುತ್ತೇನೆ. ಅಳು, ಸಿಟ್ಟು, ಸಾಲದ ಲೆಕ್ಕ ಇವೆಲ್ಲ ತಾಯ್ನುಡಿಯಲ್ಲೇ ಸಲೀಸಾಗಿ ಹೊರಬರುವುದರಿಂದ ಅಲ್ಲಿಯವರು ಇಲ್ಲಿಯವರನ್ನು ಹುಡುಕಿಕೊಂಡು ಬರುತ್ತಾರೆ.

"ಮೇಡಂ, ನಮ್ಮನೆಯವರು ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೋತಾರೆ. ಕಾಲು ಗಂಟೆ ಆದ್ಮೇಲೆ ಬರ್ತಾರೆ. ಒಂದಿನ ಮುಖ ನೋಡೋಕಾಗಲ್ಲ, ಇನ್ನೊಂದಿನ ಮಗಳನ್ನ ಎತ್ಕೊಂಡು ಕುಣೀತಾರೆ. ಇನ್ಯಾರೋ ಇದಾರೆ ಅನ್ಸುತ್ತೆ."

ನಾಲ್ಕು ತಿಂಗಳಿಂದ ಆಕೆ ಇದನ್ನು ಒಳಗೇ ಇಟ್ಟುಕೊಂಡು ನವೆದಿದ್ದರು. ಮಾತಿನ ಮಧ್ಯೆ, "ಶನಿವಾರ ಭಾನುವಾರ ಮಾತ್ರ ಒಂಬತ್ತರವರೆಗೂ ಮಲಗಿರ್ತಾರೆ" ಅಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಂದಿನ ವಾರ ಇಬ್ಬರೂ ಬನ್ನಿ ಎಂದೆ.

ಮಂಜು ಸಿರಾ ತಾಲ್ಲೂಕಿನ ರೈತರ ಮಗ, ವಯಸ್ಸು ನಲವತ್ತಮೂರು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆ ಹೆಂಗಸು ಯಾರೂ ಇರಲಿಲ್ಲ. ಇದ್ದದ್ದು ಒಂದು ಎಣ್ಣೆ ಬಾವಿ. ಲಂಡನ್ ಷೇರುಪೇಟೆಯಲ್ಲಿ ಸಣ್ಣ ಕಂಪನಿಗಳಿಗೆಂದೇ 1995ರಲ್ಲಿ ಶುರುವಾದ ಎಐಎಂ ಎಂಬ ವಿಭಾಗವಿದೆ. ಅಲ್ಲಿನವರು ಅದನ್ನು 'ಏಮ್' ಅನ್ನುತ್ತಾರೆ. ಅದರಲ್ಲಿರುವ ಒಂದು ತೈಲ ಶೋಧನಾ ಕಂಪನಿ ಆಫ್ರಿಕಾದ ಒಂದು ದೇಶದಲ್ಲಿ ಬಾವಿ ಕೊರೆಯುತ್ತಿತ್ತು. ಮಂಜು ಅದರ ಷೇರು ಕೊಂಡಿದ್ದರು. ಲಂಡನ್ ಪೇಟೆಯ ಕಂಪನಿಗಳ ಅಧಿಕೃತ ಪ್ರಕಟಣೆಗಳು ಬೆಳಿಗ್ಗೆ ಏಳಕ್ಕೆ ಬರತೊಡಗುತ್ತವೆ, ವ್ಯಾಪಾರ ಶುರುವಾಗುವುದು ಎಂಟಕ್ಕೆ. ನಡುವಿನ ಆ ಒಂದು ಗಂಟೆ ಸುದ್ದಿ ಕೈಯಲ್ಲಿರುತ್ತದೆ, ಕೊಳ್ಳುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಬಾತ್‌ರೂಮಿನ ಚಿಲಕದ ಹಿಂದೆ ನಡೆಯುತ್ತಿದ್ದದ್ದು ಇಷ್ಟೇ. ಸುಧಾ ಇದನ್ನು ಕೇಳಿ ಮೊದಲು ನಿಟ್ಟುಸಿರು ಬಿಟ್ಟರು. ಆಮೇಲೆ, "ಎಷ್ಟು ಹಾಕಿದೀರಾ ರೀ?" ಅಂದರು.

ಮೂವತ್ಮೂರು ಸಾವಿರ ಪೌಂಡ್. ಮನೆ ಕೊಳ್ಳಲು ಜಂಟಿ ಖಾತೆಯಲ್ಲಿ ಕೂಡಿಟ್ಟಿದ್ದ ಇಪ್ಪತ್ನಾಲ್ಕು ಸಾವಿರ, ಅದರ ಮೇಲೆ ಬ್ಯಾಂಕಿನ ವೈಯಕ್ತಿಕ ಸಾಲ ಒಂಬತ್ತು ಸಾವಿರ. ಸುಧಾ ಕ್ಯಾಮೆರಾ ಮುಂದಿನಿಂದ ಎದ್ದುಹೋದರು. ನಾನು ತಡೆಯಲಿಲ್ಲ. ಹತ್ತು ನಿಮಿಷಕ್ಕೆ ಮರಳಿ ಬಂದು ಕೂತರು.

ಆ ದಿನ ನಾನು ಮಂಜು ಅವರನ್ನು ಕೇಳಿದ್ದು ಒಂದೇ: ಆ ಬಾವಿಯ ಬಗ್ಗೆ ನನಗೆ ಹೇಳಿ. ಮುಕ್ಕಾಲು ಗಂಟೆ ಹೇಳಿದರು, ನಾನು ಕೇಳಿದೆ. ರಿಗ್ ಎಂಬ ಕೊರೆಯುವ ಯಂತ್ರ ಬಂದದ್ದು, ಸ್ಪಡ್ ಆದದ್ದು, ಎಂದರೆ ಕೊರೆಯಲು ಶುರುವಿಟ್ಟದ್ದು, ಮೊದಲ ಕೇಸಿಂಗ್, ಎಂದರೆ ಬಾವಿಯ ಗೋಡೆ ಕುಸಿಯದಂತೆ ಹಾಕುವ ಪೈಪು, ಇಳಿಸಿ ಸಿಮೆಂಟ್ ಹಾಕಿದ್ದು. ಹನ್ನೆರಡೂ ಕಾಲು ಇಂಚು ಅಗಲಕ್ಕೆ ಕೊರೆಯುವ ಹಂತದಲ್ಲಿ ಬಾವಿಗೆ ಬಿಟ್ಟ ಕೆಸರು ಬಂಡೆಯ ಬಿರುಕುಗಳಲ್ಲಿ ಇಂಗಿಹೋದದ್ದು, ಪೈಪು ಸಿಕ್ಕಿಕೊಂಡದ್ದು, ಕತ್ತರಿಸಿ ಪಕ್ಕಕ್ಕೆ ತಿರುಗಿಸಿ ಮತ್ತೆ ಕೊರೆದದ್ದು. ಈ ವಿಳಂಬಕ್ಕೆ ದುಡ್ಡು ಸಾಲದೆ ಕಂಪನಿ ದೊಡ್ಡ ಹೂಡಿಕೆದಾರರಿಗೆ ಪೇಟೆ ಬೆಲೆಗಿಂತ ಅಗ್ಗಕ್ಕೆ ಹೊಸ ಷೇರು ಕೊಟ್ಟಿತು. ಇದಕ್ಕೆ ಪ್ಲೇಸಿಂಗ್ ಎನ್ನುತ್ತಾರೆ. ಬಾವಿ ಇದ್ದಷ್ಟೇ ಇರುತ್ತದೆ, ಪಾಲುದಾರರು ಹೆಚ್ಚುತ್ತಾರೆ, ಹಳೆಯ ಸಣ್ಣ ಷೇರುದಾರನ ಪಾಲು ಸವೆಯುತ್ತದೆ. ಆ ದಿನ ಬೆಲೆ ಬಿದ್ದಾಗ ಮಂಜು ಇನ್ನಷ್ಟು ಕೊಂಡರು. ಮೇಲೆ ಬಂದ ಕಲ್ಲಿನ ಚೂರುಗಳಲ್ಲಿ ಎಣ್ಣೆಯ ಕುರುಹು ಕಂಡಿದೆ ಎಂದು ಸುದ್ದಿ ಬಂದಾಗ ಮತ್ತಷ್ಟು ಕೊಂಡರು.

ಒಂದು ಕೆಂಪು ಚುಕ್ಕೆಯ ಕಥೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಉಪಗ್ರಹಗಳು ಭೂಮಿಯ ಮೇಲೆ ಎಲ್ಲೆಲ್ಲಿ ಬೆಂಕಿಯ ಶಾಖ ಗುರುತಿಸುತ್ತವೋ ಅದನ್ನೆಲ್ಲ ನಾಸಾ ಒಂದು ನಕ್ಷೆಯಲ್ಲಿ ತೋರಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಬಾವಿಯಿಂದ ಅನಿಲ ಬಂದರೆ ಪರೀಕ್ಷೆಯ ವೇಳೆ ಅದನ್ನು ಉರಿಸುತ್ತಾರೆ, ಆ ಉರಿ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣಬಹುದು. ಮಂಜು ರಾತ್ರಿ ಎರಡಕ್ಕೆ, ಮೂರಕ್ಕೆ ಎದ್ದು ಆ ನಕ್ಷೆ ನೋಡುತ್ತಿದ್ದರು. ಒಂದು ರಾತ್ರಿ ರಿಗ್ಗಿನ ಹತ್ತಿರ ಕೆಂಪು ಚುಕ್ಕೆ ಬಿತ್ತು. ಬೆಳಿಗ್ಗೆ ಪೇಟೆ ತೆರೆದ ಕೂಡಲೇ ನಾಲ್ಕು ಸಾವಿರ ಪೌಂಡಿಗೆ ಷೇರು ಕೊಂಡರು. ಎರಡು ದಿನದ ಮೇಲೆ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರೆ ಚುಕ್ಕೆ ಇದ್ದದ್ದು ಬಾವಿಯಿಂದ ಮೂರು ಕಿಲೋಮೀಟರ್ ಆಚೆ, ಹೊಲಗಳಲ್ಲಿ.

"ಕೂಳೆ ಸುಟ್ಟಿದ್ರು ಮೇಡಂ. ನಾನು ಹೊಲದಲ್ಲಿ ಬೆಳೆದೋನು. ಸುಗ್ಗಿ ಆದ್ಮೇಲೆ ಸುಡ್ತಾರೆ ಅಂತ ನಂಗೆ ಹೊಳೀಲಿಲ್ವಲ್ಲ" ಎಂದು ತಲೆ ತಗ್ಗಿಸಿದರು.

ನಾನು ಹಣಕಾಸು ಸಲಹೆಗಾರಳಲ್ಲ. ಆದರೆ ಎದುರಿಗಿರುವವರು ಯಾವುದರಲ್ಲಿ ಮುಳುಗಿದ್ದಾರೋ ಅದರ ಗಂಧವೇ ಇಲ್ಲದೆ ಸಲಹೆ ಕೊಡುವುದು ತಪ್ಪು ಎಂದು ನಂಬಿದವಳು. ಆ ವಾರ ಕೂತು ಓದಿದೆ. 2010ರ ಮೇ ತಿಂಗಳಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಉತ್ತರದ ಕಡಲಲ್ಲಿ ರಾಕ್‌ಹಾಪರ್ ಎಂಬ ಸಣ್ಣ ಕಂಪನಿಗೆ ಸೀ ಲಯನ್ ಬಾವಿಯಲ್ಲಿ ನಿಜಕ್ಕೂ ಎಣ್ಣೆ ಸಿಕ್ಕಿತು. ಷೇರು ಹಲವು ಪಟ್ಟು ಏರಿತು. ಎಣ್ಣೆ ಸಿಕ್ಕಿ ಹತ್ತು ವರ್ಷವಾದರೂ ಅಲ್ಲಿಂದ ಒಂದು ಪೀಪಾಯಿಯೂ ಮಾರಾಟಕ್ಕೆ ಬಂದಿರಲಿಲ್ಲ. ಅದೇ 2010ರ ಡಿಸೆಂಬರಿನಲ್ಲಿ ಅದೇ ಕಡಲಲ್ಲಿ ಡಿಸೈರ್ ಪೆಟ್ರೋಲಿಯಂ ಎಂಬ ಕಂಪನಿ ಎಣ್ಣೆ ಸಿಕ್ಕಿದೆ ಎಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ, ಸಿಕ್ಕಿದ್ದು ನೀರು ಎಂದು ತಿದ್ದಬೇಕಾಯಿತು. ಷೇರು ನೆಲಕಚ್ಚಿತು. 2015ರಲ್ಲಿ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಬಳಿಯ ಹಾರ್ಸ್ ಹಿಲ್ ಬಾವಿಯ ಆಧಾರದಲ್ಲಿ, ದಕ್ಷಿಣ ಇಂಗ್ಲೆಂಡಿನ ನೆಲದಡಿ 10,000 ಕೋಟಿ ಪೀಪಾಯಿವರೆಗೆ ಎಣ್ಣೆ ಇರಬಹುದೆಂಬ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂತು. ಬಂಡೆಯೊಳಗೆ ಇರುವ ಎಣ್ಣೆ ಬೇರೆ, ಮೇಲೆತ್ತಲು ಆಗುವ ಎಣ್ಣೆ ಬೇರೆ. ಅದರಲ್ಲಿ 3ರಿಂದ 15 ಶೇಕಡಾ ತೆಗೆಯಬಹುದೆಂದು ಹೇಳಿದ್ದೂ ಆ ದೊಡ್ಡ ಸಂಖ್ಯೆ ಕೊಟ್ಟ ಕಂಪನಿಯವರೇ. ಓದುವವರ ಕಣ್ಣು ದೊಡ್ಡ ಸಂಖ್ಯೆಯಲ್ಲೇ ನಿಂತುಬಿಟ್ಟಿತು.

ಮುಂದಿನ ಭೇಟಿಯಲ್ಲಿ ಇದನ್ನೆಲ್ಲ ಎತ್ತಿದೆ. ಮಂಜು ಅವರಿಗೆ ಪ್ರತಿಯೊಂದೂ ಗೊತ್ತಿತ್ತು, ನನಗಿಂತ ಚೆನ್ನಾಗಿಯೇ. ತಮ್ಮ ಕಂಪನಿಯ ತಜ್ಞರ ವರದಿಯಲ್ಲಿ ಯಶಸ್ಸಿನ ಸಾಧ್ಯತೆ ಐದರಲ್ಲಿ ಒಂದು ಎಂದು ಬರೆದಿದೆ ಎಂಬುದೂ ಗೊತ್ತಿತ್ತು. "ಅದು ಅವ್ರು ಸುಮ್ನೆ ಕಮ್ಮಿ ಮಾಡಿ ಬರ್ದಿರ್ತಾರೆ" ಅಂದರು. ತಿಳಿವಳಿಕೆಯ ಕೊರತೆ ಇವರ ಕಷ್ಟವಲ್ಲ ಎಂದು ನನಗೆ ಆಗ ಖಚಿತವಾಯಿತು. ಸುದ್ದಿ ಬಂದರೆ ಒಳ್ಳೆಯ ಸೂಚನೆ, ಬಾರದಿದ್ದರೆ ಇನ್ನೂ ಒಳ್ಳೆಯ ಸೂಚನೆ, ಬೆಲೆ ಬಿದ್ದರೆ ಯಾರೋ ಬೇಕೆಂದೇ ಬೀಳಿಸುತ್ತಿದ್ದಾರೆ. ಇಂಥ ಮನಸ್ಸಿಗೆ ಮತ್ತಷ್ಟು ಮಾಹಿತಿ ಕೊಟ್ಟರೆ ಅದೂ ಆಸೆಗೇ ಮೇವಾಗುತ್ತದೆ. ಯಾವಾಗ ಸಿಹಿ ಸಿಗುತ್ತದೋ ಗೊತ್ತಿಲ್ಲದಿದ್ದಾಗಲೇ ನಾವು ಡಬ್ಬಿಯ ಮುಚ್ಚಳ ಪದೇಪದೇ ತೆಗೆದು ನೋಡುವುದು. ಜೂಜಿನಲ್ಲಿ ಕೆಲಸ ಮಾಡುವ ಬಲವೂ ಇದೇ. ಷೇರು ಹೂಡಿಕೆಯೆಲ್ಲ ಜೂಜು ಎಂದು ನಾನು ಹೇಳುವುದಿಲ್ಲ. ಆದರೆ ರಾತ್ರಿ ಮೂರಕ್ಕೆ ಎದ್ದು ಕೂರಿಸಿದ್ದು, ಹೆಂಡತಿಗೆ ಸುಳ್ಳು ಹೇಳಿಸಿದ್ದು, ಸಾಲ ತಂದು ಹಾಕಿಸಿದ್ದು ಹೂಡಿಕೆಯ ಗೆರೆ ದಾಟಿ ಆಗಿತ್ತು. ಇದನ್ನು ಅವರಿಗೆ ಮುಖಕ್ಕೇ ಹೇಳಿದೆ.

ಬದುಕು ಬೇಡ ಎನಿಸಿದ್ದುಂಟೇ ಎಂದೂ ನೇರವಾಗಿ ಕೇಳಿದೆ. ಮುಚ್ಚಿಟ್ಟ ಸಾಲ ಇದ್ದಲ್ಲಿ ಈ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ. ಇಲ್ಲ ಅಂದರು. ಆದರೂ ಬ್ರಿಟನ್ನಿನ ಸಮಾರಿಟನ್ಸ್ ಸಹಾಯವಾಣಿ 116 123 ಅನ್ನು ಇಬ್ಬರ ಫೋನಿನಲ್ಲೂ ಬರೆಸಿದೆ. ನಮ್ಮ ದೇಶದಲ್ಲಿರುವ ಓದುಗರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ಭೇಟಿಯಲ್ಲಿ ನಾನು ಕೇಳದೆಯೇ ಅವರ ಅಪ್ಪನ ಮಾತು ಬಂತು. ಕೇಸಿಂಗ್ ಎಂಬ ಪದವನ್ನು ಮೊದಲು ಎಲ್ಲಿ ಕೇಳಿದ್ದು ಎಂದು ಹೇಳುತ್ತಾ ಮಂಜು ತಮ್ಮೂರಿನ ಹೊಲಕ್ಕೆ ಹೋದರು. ಆಗ ಅವರಿಗೆ ಹನ್ನೆರಡು ವರ್ಷ. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಬಂದವನೊಬ್ಬ ಪಾಯಿಂಟ್ ಮಾಡಿ ಕಲ್ಲಿಟ್ಟ. ಸಂಜೆ ಬೋರ್ ಲಾರಿ ಬಂತು. ರಾತ್ರಿಯಿಡೀ ಕೊರೆತ, ಬೂದಿ ಬಣ್ಣದ ಒಣ ಧೂಳು. ಅಪ್ಪ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, ಬರುವ ಧೂಳನ್ನು ಹಿಡಿಹಿಡಿಯಾಗಿ ತೆಗೆದು ಹಿಸುಕಿ ನೋಡುತ್ತಿದ್ದರು, ತೇವ ಇದೆಯಾ ಎಂದು. ಲಾರಿಯವನು ನಿಲ್ಲಿಸಲೇ ಅಂದಾಗಲೆಲ್ಲ ಅಪ್ಪನದು ಒಂದೇ ಮಾತು: "ಇನ್ನೊಂದೈವತ್ತು ಅಡಿ ಹೋಗು." ಕೊರೆತಕ್ಕೆ ಅಡಿ ಲೆಕ್ಕದಲ್ಲಿ ದುಡ್ಡು. ಹಾಗೆ ನಾಲ್ಕು ಬೋರ್ ಫೇಲ್ ಆದವು. ಅಮ್ಮನ ಸರ ಎರಡನೆಯದಕ್ಕೆ ಹೋಯಿತು.

"ಅಪ್ಪನ ಮೇಲೆ ಇಪ್ಪತ್ತು ವರ್ಷ ಸಿಟ್ಟಿತ್ತು ಮೇಡಂ" ಎಂದು ಸುಮ್ಮನಾದರು. ಸುಧಾ ಗಂಡನ ತೋಳು ಹಿಡಿದುಕೊಂಡರು. ಆ ಮನೆಯಲ್ಲಿ ಅಂಥದ್ದೊಂದು ನಡೆದು ತಿಂಗಳುಗಳೇ ಆಗಿದ್ದವು ಎಂದು ಆಮೇಲೆ ತಿಳಿಯಿತು.

ನಾನು ಕೊಟ್ಟ ಸಲಹೆಯನ್ನು ಬರೆಯುತ್ತೇನೆ, ಇದೇ ದಾರಿಯಲ್ಲಿರುವ ಬೇರೆಯವರಿಗೂ ಬೇಕಾಗಬಹುದು. ಷೇರು ಮಾರಿ ಎಂದಾಗಲಿ ಇಟ್ಟುಕೊಳ್ಳಿ ಎಂದಾಗಲಿ ನಾನು ಹೇಳುವಂತಿಲ್ಲ, ಅದಕ್ಕೆ ಬ್ರಿಟನ್ನಿನಲ್ಲಿ ಅಧಿಕೃತ ಅನುಮತಿ ಇರುವ ಸಲಹೆಗಾರರಿದ್ದಾರೆ, ಅವರನ್ನು ನೋಡಲು ಕಳಿಸಿದೆ. ಸಾಲದ ಹಣದ ಬಗ್ಗೆ ಮಾತ್ರ ನನ್ನ ನಿಲುವನ್ನು ಸಡಿಲಿಸಲಿಲ್ಲ: ಐದರಲ್ಲಿ ನಾಲ್ಕು ಸಲ ಬರಿದಾಗುವ ಗುಂಡಿಯ ಮೇಲೆ ಸಾಲದ ಹಣ ಒಂದು ದಿನವೂ ಕೂರಬಾರದು. ಸಾಲ ತೀರಿಸುವುದು ಹೇಗೆಂದು ಉಚಿತವಾಗಿ ದಾರಿ ತೋರಿಸುವ ಸ್ಟೆಪ್‌ಚೇಂಜ್ ಎಂಬ ದತ್ತಿ ಸಂಸ್ಥೆಗೆ ಕರೆ ಮಾಡಿ ಎಂದೆ. ಉಳಿದ ಷೇರುಗಳ ಬಗ್ಗೆ ತೀರ್ಮಾನವನ್ನು ಫಲಿತಾಂಶ ಬರುವ ಮೊದಲೇ, ತಣ್ಣಗಿರುವ ಒಂದು ಭಾನುವಾರ, ಇಬ್ಬರೂ ಕೂತು ಕಾಗದದ ಮೇಲೆ ಬರೆಯಬೇಕು. ಎಣ್ಣೆ ಬಂದರೆ ಎಷ್ಟು ಮಾರುವುದು, ಬಾರದಿದ್ದರೆ ಏನು, ಕಂಪನಿ ಇನ್ನೂ ಪರೀಕ್ಷೆ ಬೇಕು ಎಂದು ಎಳೆದರೆ ಏನು. ಈ ಮೂರನೆಯದಕ್ಕೇ ಯಾರೂ ತಯಾರಿರುವುದಿಲ್ಲ. ಏಳು ಗಂಟೆಗೆ ಫೋನ್ ಅಡುಗೆಮನೆಯ ಮೇಜಿನ ಮೇಲಿರಬೇಕು. ಸುದ್ದಿ ಓದಬಾರದು ಎಂದು ನಾನು ಹೇಳಲಿಲ್ಲ, ಒಬ್ಬರೇ ಓದಬಾರದು ಅಂದೆ. ರಾತ್ರಿ ನಕ್ಷೆ ನೋಡುವುದು ಪೂರ್ತಿ ಬಂದ್.

ಸುಧಾ ಅವರಿಗೂ ಒಂದು ಮಾತು ಹೇಳಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದು, ನುಂಗಬೇಡಿ. ಆದರೆ ದಿನಾ ಬೆಳಿಗ್ಗೆ ಪೊಲೀಸರಂತೆ ಅವರ ಫೋನ್ ತಪಾಸಣೆ ಮಾಡಬೇಡಿ, ಹಾಗೆ ಮಾಡಿದರೆ ಚಿಲಕ ಇನ್ನೊಂದು ಕೋಣೆಗೆ ಹೋಗುತ್ತದೆ. ವಾರಕ್ಕೊಮ್ಮೆ ಎಲ್ಲ ಖಾತೆಗಳನ್ನೂ ಇಬ್ಬರೂ ಒಟ್ಟಿಗೆ ತೆರೆದು ನೋಡಿ, ಸಾಕು.

ಎಲ್ಲವೂ ಹೇಳಿದಂತೆ ನಡೆಯಲಿಲ್ಲ. ಒಂಬತ್ತು ಸಾವಿರದ ಸಾಲಕ್ಕಾಗುವಷ್ಟು ಷೇರು ಮಾರಲು ಒಪ್ಪಿದವರು ಐದು ಸಾವಿರಕ್ಕೆ ಮಾತ್ರ ಮಾರಿ ನನಗೆ ಒಂಬತ್ತು ಎಂದರು. ವಾರದ ಲೆಕ್ಕಕ್ಕೆ ಕೂತ ಎರಡನೇ ಭಾನುವಾರ ಅದು ಹೊರಬಂತು. ಜೊತೆಗೆ, ಯಾರಿಗೂ ಹೇಳದಿದ್ದ ಕ್ರೆಡಿಟ್ ಕಾರ್ಡಿನ ಮೂರು ಸಾವಿರವೂ. ಆ ವಾರ ಸುಧಾ ಮಗಳನ್ನು ಕರೆದುಕೊಂಡು ಗೆಳತಿಯ ಮನೆಗೆ ಹೋದರು. ನಾನು ಮಂಜು ಅವರೊಬ್ಬರ ಜೊತೆಯೇ ಎರಡು ಸಲ ಮಾತಾಡಿದೆ. ಬುಧವಾರ ಅವರಾಗಿಯೇ ಮತ್ತೆ ನಾಲ್ಕು ಸಾವಿರಕ್ಕೆ ಮಾರಿ, ಬ್ಯಾಂಕಿನ ಸಾಲ ತೀರಿದ ಚೀಟಿಯನ್ನು ಸುಧಾ ಅವರಿಗೆ ಕಳಿಸಿದರು.

ಫಲಿತಾಂಶ ಬಂದದ್ದು ಒಂದು ಮಂಗಳವಾರ. ಫೋನ್ ಮೇಜಿನ ಮೇಲಿತ್ತು. ಮಗಳ ಡಬ್ಬಿಗೆ ಸುಧಾ ಚಿತ್ರಾನ್ನ ತುಂಬುತ್ತಿದ್ದರು. ಬಾವಿಯಲ್ಲಿ ವಾಣಿಜ್ಯ ಪ್ರಮಾಣದ ಎಣ್ಣೆ ಅನಿಲ ಇಲ್ಲ, ಸಿಮೆಂಟ್ ಹಾಕಿ ಮುಚ್ಚಲಾಗುವುದು ಎಂದು ಎರಡು ಸಾಲು. ಎಂಟಕ್ಕೆ ಪೇಟೆ ತೆರೆದಾಗ ಷೇರು ಹಿಂದಿನ ದಿನದ ಐದನೇ ಒಂದು ಪಾಲಿಗೆ ಇಳಿದಿತ್ತು. ಕಾಗದದಲ್ಲಿ ಬರೆದಿದ್ದಂತೆ ಉಳಿದದ್ದನ್ನು ಅಂದೇ ಮಾರಿದರು. ಮನೆಗೆಂದು ಕೂಡಿಟ್ಟ ಹಣದಲ್ಲಿ ಬಹುಪಾಲು ಹೋಯಿತು. ಕಾರ್ಡಿನ ಬಾಕಿಯನ್ನು ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದಾರೆ. ತಿಂಗಳಿಗೊಮ್ಮೆ ಇಬ್ಬರೂ ನನ್ನ ಜೊತೆ ಮಾತಾಡುತ್ತಾರೆ. ಸುಧಾ ಇನ್ನೂ ಪೂರ್ತಿ ನಂಬಿಲ್ಲ, ನಂಬಿ ಎಂದು ನಾನು ಅವಸರಿಸುವುದೂ ಇಲ್ಲ.

ಹೋದ ತಿಂಗಳು ಮಂಜು ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದರಂತೆ. ಬೈಗುಳಕ್ಕೆ ತಯಾರಾಗಿ ಕೂತಿದ್ದರಂತೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಎಷ್ಟಡಿ ಹೋಗಿದ್ರಪ್ಪಾ?"

"ಹತ್ತು ಸಾವಿರದ ಮೇಲೆ ಅಪ್ಪಾ."

"ಅಯ್ಯೋ ಶಿವನೇ. ಅಷ್ಟಡಿಗೆ ಕೇಸಿಂಗ್ ದುಡ್ಡು ಯಾರ್ದು?"

"ನಮ್ದೇ ಅಪ್ಪಾ. ನಮ್ಮಂಥೋರ್ದು."