ಕ್ಯಾಸ್ಪರೋವ್ ಸೋತದ್ದು ಕಂಪ್ಯೂಟರಿನ ವೇಗಕ್ಕೆ ಮಾತ್ರವೇ?

1997ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಕಂಪ್ಯೂಟರಿಗೆ ಸೋತದ್ದು ಅದರ ಲೆಕ್ಕಾಚಾರದ ವೇಗದಿಂದ ಮಾತ್ರವೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವ ನಾನು ಆ ಪಂದ್ಯದ ಆಟಗಳನ್ನು ಮಣೆಯ ಮೇಲೆ ಮತ್ತೆ ಮತ್ತೆ ಆಡಿಸಿ ನೋಡಿದ್ದೇನೆ. ವೇಗವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ.

ಆ ಯಂತ್ರ ಸೆಕೆಂಡಿಗೆ ಮಣೆಯ ಮೇಲಿನ ಕಾಯಿಗಳ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು, ನಿಜ. ಆದರೆ 1996ರಲ್ಲಿ ಫಿಲಡೆಲ್ಫಿಯಾದಲ್ಲಿ ಅದರ ಹಿಂದಿನ ರೂಪವನ್ನು ಕ್ಯಾಸ್ಪರೋವ್ 4-2ರಿಂದ ಸೋಲಿಸಿದ್ದರು. ಮರುವರ್ಷ ನ್ಯೂಯಾರ್ಕಿನಲ್ಲೂ ಮೊದಲ ಆಟ ಅವರದ್ದೇ ಆಗಿತ್ತು. ಎರಡನೆಯ ಆಟದಲ್ಲಿ ಎಲ್ಲವೂ ಬದಲಾಯಿತು. ರಾಣಿಯನ್ನು ಒಳನುಗ್ಗಿಸಿ ಕಾಲಾಳು ಹೊಡೆಯುವ ದಾರಿ ತೆರೆದಿದ್ದರೂ ಯಂತ್ರ ಅತ್ತ ಹೋಗದೆ, ಎದುರಾಳಿಗೆ ಮರುದಾಳಿಯ ಅವಕಾಶವೇ ಸಿಗದಂತೆ ಒಂಟೆಯನ್ನು ಮಣೆಯ ನಡುವಿಗೆ ತಂದು ನಿಲ್ಲಿಸಿತು. ಕಂಪ್ಯೂಟರು ಸಿಕ್ಕ ಕಾಯಿಯನ್ನು ಬಿಡದು ಎಂದೇ ಎಣಿಸಿದ್ದ ಕ್ಯಾಸ್ಪರೋವ್ ಎಷ್ಟು ಕಂಗೆಟ್ಟರೆಂದರೆ, ಮನುಷ್ಯರ ಕೈವಾಡದ ಸಂಶಯವನ್ನು ಬಹಿರಂಗವಾಗಿಯೇ ವ್ಯಕ್ತಪಡಿಸಿದರು. ಅವರು ಸೋಲೊಪ್ಪಿಕೊಂಡ ಸ್ಥಿತಿಯಲ್ಲಿ ಸತತವಾಗಿ ಚೆಕ್ ಕೊಟ್ಟು ಡ್ರಾಗೆ ಹೋರಾಡಬಹುದಿತ್ತೆಂದು ಮರುದಿನ ಅವರ ಬಳಗದವರೇ ತೋರಿಸಿಕೊಟ್ಟರು. ಯಂತ್ರ ಎಲ್ಲವನ್ನೂ ನೋಡಿಯೇ ಇರುತ್ತದೆ ಎಂದು ನಂಬಿ ಅವರು ಹುಡುಕುವುದನ್ನೇ ಕೈಬಿಟ್ಟರು. ಪಂದ್ಯ ಕೈತಪ್ಪಿದ್ದು ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನ ಮೂರು ಆಟಗಳು ಡ್ರಾ ಆದವು. ಮೇ 11ರ ಕೊನೆಯ ಆಟದಲ್ಲಿ ಕ್ಯಾಸ್ಪರೋವ್ ಕಪ್ಪು ಕಾಯಿಗಳಿಂದ ಕ್ಯಾರೋ-ಕಾನ್ ಎಂಬ ಆರಂಭದ ರಕ್ಷಣಾಕ್ರಮವನ್ನು ಆಡಿ, ಏಳನೆಯ ನಡೆಯಲ್ಲಿ ಅಂಚಿನ ಕಾಲಾಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಮುಂದೊತ್ತಿದರು. ಡೀಪ್ ಬ್ಲೂ ಕುದುರೆಯನ್ನು ಬಲಿಕೊಟ್ಟು 19 ನಡೆಗಳಲ್ಲಿ ಗೆದ್ದಿತು. ಆ ಬಲಿಯನ್ನು ಯಂತ್ರ ಲೆಕ್ಕಹಾಕಿ ಕಂಡುಕೊಂಡದ್ದಲ್ಲ, ಅದರಲ್ಲಿ ಮನುಷ್ಯರು ಮೊದಲೇ ತುಂಬಿಸಿಟ್ಟ ಆರಂಭದ ನಡೆಗಳ ಸಂಗ್ರಹದಲ್ಲಿ ಅದು ಇತ್ತು. ಒಟ್ಟು ಫಲಿತಾಂಶ 3.5-2.5.

ಇಂದಿನ ಮಾತು ಬೇರೆ. 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಸ್ ಎಂಬ ಚೆಸ್ ತಂತ್ರಾಂಶದ ಎದುರು ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ 4-2ರಿಂದ ಸೋತರು. ಒಂದು ಆಟದಲ್ಲಂತೂ ಒಂದೇ ನಡೆಯ ಚೆಕ್‌ಮೇಟ್ ಅವರ ಕಣ್ಣಿಗೆ ಬೀಳಲಿಲ್ಲ. ಈಗ ಮೊಬೈಲಿನಲ್ಲಿರುವ ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶದ ಎದುರು ಯಾವ ಚಾಂಪಿಯನ್ನರೂ ನಿಲ್ಲಲಾರರು. ನನ್ನ ಚಿಂತೆ ಮಕ್ಕಳದ್ದು. ಆಡಿದ ಆಟವನ್ನು ಫೋನಿಗೆ ಹಾಕಿ, "ಸರ್, ಬಿಳಿಗೆ ಪ್ಲಸ್ ಮೂರು ಉಂಟು" ಎನ್ನುತ್ತಾರೆ, ಅಂದರೆ ಬಿಳಿಯ ಕಡೆಗೆ ಸುಮಾರು ಮೂರು ಕಾಲಾಳುಗಳಷ್ಟು ಮೇಲುಗೈ ಎಂಬುದು ತಂತ್ರಾಂಶದ ಲೆಕ್ಕ. ಕಪ್ಪಿನ ಯಾವ ಕಾಯಿ ಕೆಟ್ಟ ಜಾಗದಲ್ಲಿದೆ ಎಂದು ಕೇಳಿದರೆ ಮಣೆಯತ್ತ ನೋಡದೆ ಮತ್ತೆ ಫೋನನ್ನೇ ನೋಡುತ್ತಾರೆ. ಆದ್ದರಿಂದ ನಮ್ಮ ತರಗತಿಯಲ್ಲಿ ಎರಡೂ ಕಡೆಯವರು ತಮಗೆ ಕಂಡ ನಡೆಗಳನ್ನು ಬರೆದು ಮುಗಿಸುವ ತನಕ ಫೋನು ತೆರೆಯುವಂತಿಲ್ಲ.