ಪುಟ್ಟ ಮಕ್ಕಳೊಡನೆ ಶಿಯಾನ್ ನಗರಕ್ಕೆ

ಪ್ರಶ್ನೆ: ನಮ್ಮದು ವಿರಾಜಪೇಟೆಯ ಬಳಿ ಒಂದು ಚಿಕ್ಕ ಕಾಫಿ ತೋಟ. 7 ವರ್ಷದ ಮಗಳು ಮತ್ತು 3 ವರ್ಷದ ಮಗನನ್ನು ಕರೆದುಕೊಂಡು ಚೀನಾದ ಶಿಯಾನ್ ನಗರಕ್ಕೆ 4 ದಿನಗಳ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಇಷ್ಟು ಸಣ್ಣವರಿಗೆ ಹಳೆಯ ಕೋಟೆ, ಗೋರಿಗಳಲ್ಲಿ ಏನು ಸಿಕ್ಕೀತು ಎಂದು ಮನೆಯ ಹಿರಿಯರು ಕೇಳುತ್ತಿದ್ದಾರೆ. ಯಾವಾಗ ಹೋಗಬೇಕು, ಏನನ್ನು ನೋಡಬೇಕು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಧೈರ್ಯವಾಗಿ ಹೋಗಿಬನ್ನಿ, ಆದರೆ ದಿನಕ್ಕೆ ಒಂದೇ ಒಂದು ದೊಡ್ಡ ಸ್ಥಳ ಎಂಬ ನಿಯಮವನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ. ಏಪ್ರಿಲ್ ತಿಂಗಳ ನಡುಭಾಗ ನಿಮಗೆ ಅನುಕೂಲವಾದೀತು. ಆ ಹೊತ್ತಿಗೆ ಕಾಫಿ ಕೊಯ್ಲು ಮುಗಿದಿರುತ್ತದೆ, ಶಾಲೆಗೆ ರಜೆ ಬಂದಿರುತ್ತದೆ, ಅಲ್ಲಿನ ಹವೆಯೂ ಹಿತವಾಗಿರುತ್ತದೆ. ಮೇ 1ರ ಆಸುಪಾಸಿನಲ್ಲಿ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಚೀನಾದವರಿಗೇ ರಜೆ ಇರುವುದರಿಂದ ಆ ದಿನಗಳ ಜನಜಂಗುಳಿಯಲ್ಲಿ ಮಕ್ಕಳನ್ನು ಹಿಡಿದುಕೊಳ್ಳುವುದೇ ಕೆಲಸವಾಗುತ್ತದೆ.

ಉಳಿದುಕೊಳ್ಳಲು ಕೋಟೆಯ ಒಳಗೆ, ಗಂಟೆಗೋಪುರದ ಹತ್ತಿರ ಕೊಠಡಿ ಹಿಡಿಯಿರಿ. ಮಧ್ಯಾಹ್ನ ಮಗ ತೂಕಡಿಸಿದರೆ ಹಿಂದಿರುಗಿ ಮಲಗಿಸಬಹುದು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಮೊದಲ ಬೆಳಿಗ್ಗೆ ಮಕ್ಕಳು ತಡವಾಗಿ ಏಳುತ್ತಾರೆ. ಅವರನ್ನು ಎಬ್ಬಿಸಲು ಹೋಗಬೇಡಿ. ಆ ದಿನ ಸಂಜೆ ಕೋಟೆಗೋಡೆಯನ್ನು ಹತ್ತಿದರೆ ಸಾಕು. 14ನೇ ಶತಮಾನದಲ್ಲಿ ಮಿಂಗ್ ಅರಸರು ಕಟ್ಟಿಸಿದ ಈ ಗೋಡೆಯ ಸುತ್ತಳತೆ ಸುಮಾರು 14 ಕಿಲೋಮೀಟರ್, ಎತ್ತರ 12 ಮೀಟರ್. ಅದರ ನೆತ್ತಿಯೇ ಒಂದು ಅಗಲವಾದ ರಸ್ತೆಯಷ್ಟಿರುವುದರಿಂದ ಮಕ್ಕಳು ಕಾರು, ಬಸ್ಸುಗಳ ಭಯವಿಲ್ಲದೆ ಓಡಾಡಬಹುದು. ಇಡೀ ಸುತ್ತು ಹಾಕುವ ಹಟ ಬೇಡ. ದಕ್ಷಿಣ ಬಾಗಿಲಿನಿಂದ ಹತ್ತಿ, ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲಿದ್ದು ಇಳಿಯಿರಿ.

ಚೀನಾದ ಮೊದಲ ಚಕ್ರವರ್ತಿಯ ಗೋರಿಯ ಕಾವಲಿಗೆಂದು ಹೂತಿಟ್ಟ ಸುಟ್ಟ ಮಣ್ಣಿನ ಸೈನಿಕರಿಗೆ ಒಂದು ಪೂರ್ಣ ದಿನವನ್ನು ಮೀಸಲಿಡಬೇಕು. ಅದು ನಗರದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಟಿಕೆಟ್ಟನ್ನು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಗಡವಾಗಿ ಪಡೆದು, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. 1974ರಲ್ಲಿ ರೈತರು ಬಾವಿ ತೋಡುತ್ತಿದ್ದಾಗ ನೆಲದಡಿಯಿಂದ ಒಂದು ಸೈನ್ಯವೇ ಹೊರಬಂದ ಕಥೆಯನ್ನು ಊರಿನಲ್ಲೇ ನಾಲ್ಕಾರು ರಾತ್ರಿ ಹೇಳಿ ಮಲಗಿಸಿದರೆ, ಮಕ್ಕಳು ಆ ಬಾವಿಯನ್ನು ಹುಡುಕುವ ಉತ್ಸಾಹದಲ್ಲೇ ಬರುತ್ತಾರೆ. ಮೊದಲ ಗುಂಡಿ ಬಹು ದೊಡ್ಡದು, 230 ಮೀಟರ್ ಉದ್ದವಿದೆ. ಆದರೆ ಕಟಕಟೆಯ ಮುಂದೆ ದೊಡ್ಡವರು ಒತ್ತಾಗಿ ನಿಂತಾಗ ಸಣ್ಣ ಮಕ್ಕಳಿಗೆ ಬೆನ್ನುಗಳಲ್ಲದೆ ಬೇರೇನೂ ಕಾಣುವುದಿಲ್ಲ. ನಮ್ಮ ಮಗನನ್ನು ಕರೆದೊಯ್ದಾಗ ನಾನು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ತೋರಿಸಬೇಕಾಯಿತು. ಅವನಿಗೆ ನಿಜವಾದ ಸಂತೋಷ ಸಿಕ್ಕಿದ್ದು ಎರಡನೆಯ ಗುಂಡಿಯ ಕಟ್ಟಡದಲ್ಲಿ. ಅಲ್ಲಿ ಮಂಡಿಯೂರಿ ಕುಳಿತ ಬಿಲ್ಲುಗಾರನ ವಿಗ್ರಹವನ್ನು ಗಾಜಿನೊಳಗೆ ಹತ್ತಿರದಿಂದ ನೋಡುವಂತೆ ಇಟ್ಟಿದ್ದಾರೆ. ಹಿಂದೆ ಮಡಚಿದ ಕಾಲಿನ ಪಾದರಕ್ಷೆಯ ಅಡಿಯಲ್ಲಿ ದಾರದ ಹೊಲಿಗೆಗಳನ್ನು ಚುಕ್ಕಿಚುಕ್ಕಿಯಾಗಿ ಮೂಡಿಸಿರುವುದನ್ನು ಕಂಡು ಅವನು ತನ್ನ ಚಪ್ಪಲಿಯನ್ನು ಕಳಚಿ ತಿರುಗಿಸಿ ನೋಡಿಕೊಂಡ. ಮಡಿಕೇರಿ ಕೋಟೆಯ ಗಾರೆಯ ಆನೆಗಳನ್ನು ಮುಟ್ಟಿ ಬೆಳೆದ ಮಕ್ಕಳಿಗೆ, ಇಲ್ಲಿ ಏನನ್ನೂ ಮುಟ್ಟುವಂತಿಲ್ಲ ಎಂದು ಮೊದಲೇ ತಿಳಿಹೇಳಿರಿ.

ಮೂರನೆಯ ದಿನಕ್ಕೆ ದೊಡ್ಡ ಕಾಡು ಹೆಬ್ಬಾತಿನ ಪಗೋಡ. ನಮ್ಮ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಹ್ಯೂಯೆನ್ ತ್ಸಾಂಗ್, ಭಾರತದಿಂದ ಹೊತ್ತೊಯ್ದ ಗ್ರಂಥಗಳನ್ನು ಕಾಪಾಡಲೆಂದು 652ರಲ್ಲಿ ಕಟ್ಟಿಸಿದ ಗೋಪುರವದು. ಕನ್ನಡಿಗರ ಮಕ್ಕಳಿಗೆ ಇದನ್ನು ತೋರಿಸಲೇಬೇಕೆಂಬುದು ನನ್ನ ಆಸೆ. ಒಳಗಿನ ಮೆಟ್ಟಿಲುಗಳನ್ನು ಬೇಕಾದರೆ ಬಿಡಿ. ಉತ್ತರದ ಬಯಲಿನಲ್ಲಿ ಸಂಗೀತಕ್ಕೆ ಕುಣಿಯುವ ಕಾರಂಜಿಯೇ ಅವರಿಗೆ ಸಾಕಾದೀತು. ನಾಲ್ಕನೆಯ ದಿನವನ್ನು ಖಾಲಿ ಇಟ್ಟುಕೊಳ್ಳಿ.

ಊಟದ ಚಿಂತೆ ಬೇಡ. ಅದು ಅಕ್ಕಿಗಿಂತ ಗೋಧಿಯ ಸೀಮೆ. ನೂಪುಟ್ಟು, ಅಂದರೆ ನಮ್ಮ ಅಕ್ಕಿ ಶಾವಿಗೆ, ತಿಂದು ಬೆಳೆದ ಮಕ್ಕಳು ಅಲ್ಲಿನ ನೂಡಲ್ಸಿಗೆ ಬೇಗ ಒಗ್ಗುತ್ತಾರೆ. ಖಾರ ಹೆಚ್ಚಿರುತ್ತದೆಯಾದ್ದರಿಂದ ‘ಬು ಯಾವ್ ಲಾ’, ಅಂದರೆ ಖಾರ ಬೇಡ ಎಂಬ ಮಾತನ್ನು ಕಲಿತಿರಿ. ನಲ್ಲಿಯ ನೀರನ್ನು ಕುಡಿಸಬೇಡಿ. ರೈಲು ನಿಲ್ದಾಣಗಳಲ್ಲಿ ಬಿಸಿನೀರು ಸಿಗುವುದರಿಂದ ಒಂದು ಫ್ಲಾಸ್ಕ್ ಜೊತೆಗಿರಲಿ. ಬೀದಿಯಲ್ಲಿ ಸದ್ದಿಲ್ಲದೆ ಬರುವ ಬ್ಯಾಟರಿ ಸ್ಕೂಟರುಗಳ ಬಗ್ಗೆ ಎಚ್ಚರವಿರಲಿ, ಮಗನ ಕೈಯನ್ನು ಬಿಡಬೇಡಿ. ಅಲ್ಲಿ ಹಣ ಪಾವತಿ ಬಹುಪಾಲು ಮೊಬೈಲಿನಲ್ಲೇ ನಡೆಯುತ್ತದೆ. ಆದ್ದರಿಂದ ಅಲಿಪೇ ಆ್ಯಪಿಗೆ ನಿಮ್ಮ ಕಾರ್ಡನ್ನು ಜೋಡಿಸುವ ಕೆಲಸವನ್ನು ವಿರಾಜಪೇಟೆಯಲ್ಲೇ ಮುಗಿಸಿಕೊಳ್ಳಿ.